ಬಿಲ್ಲಿನ ಕೊನೆಯ ಸಾಲು ಉಳಿತಾಯವಲ್ಲ

ತೆರಿಗೆ ರಿಟರ್ನ್ಸ್ ಸಲ್ಲಿಸುವ ಜೂನ್, ಜುಲೈ ತಿಂಗಳುಗಳಲ್ಲಿ ಮೈಸೂರಿನ ಸರಸ್ವತೀಪುರಂನಲ್ಲಿರುವ ನನ್ನ ಕಚೇರಿಗೆ ಬರುವವರಲ್ಲಿ ಹಲವರು ತೆರಿಗೆಯ ಕಾಗದಗಳ ಜೊತೆಗೆ ಮನೆಯ ಲೆಕ್ಕವನ್ನೂ ಮುಂದಿಟ್ಟು, ಎಷ್ಟು ಕೈ ಬಿಗಿ ಹಿಡಿದರೂ ತಿಂಗಳ ಕೊನೆಗೆ ಏನೂ ಮಿಗುವುದಿಲ್ಲವೆಂದು ಹೇಳುತ್ತಾರೆ. ಔಷಧಿಗೆ, ಮಕ್ಕಳ ಫೀಸಿಗೆ, ಮನೆಸಾಲದ ಕಂತಿಗೆ ಹಣ ಹೋದವರ ಮುಂದೆ ನಾನು ಹೇಳುವುದು ಹೆಚ್ಚೇನೂ ಇರುವುದಿಲ್ಲ. ಆದರೆ ಸೂಪರ್ ಮಾರ್ಕೆಟ್ಟಿನ ಬಿಲ್ಲಿನ ತುದಿಯಲ್ಲಿ ಅಚ್ಚಾಗಿರುವ ‘ಈ ದಿನ ನೀವು ಉಳಿಸಿದ ಮೊತ್ತ’ ಎಂಬ ಸಾಲನ್ನು ನಂಬಿ, ತಾವು ಉಳಿಸುತ್ತಿದ್ದೇವೆ ಎಂದುಕೊಂಡೇ ಹೆಚ್ಚು ಖರ್ಚು ಮಾಡುತ್ತಿರುವವರನ್ನು ಕಂಡಾಗ ನನ್ನ ತಾಳ್ಮೆ ತಪ್ಪುತ್ತದೆ. ಸಿಟ್ಟು ಅವರ ಮೇಲಲ್ಲ, ಆ ಸಾಲಿನ ಮೇಲೆ.

ಕುವೆಂಪುನಗರದ ನಿವೃತ್ತ ಶಿಕ್ಷಕಿಯೊಬ್ಬರು ಹಿಂದಿನ ವರ್ಷ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹನ್ನೊಂದು ತಿಂಗಳ ಬಿಲ್ಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಂಡು ಬಂದಿದ್ದರು. ಪ್ರತಿ ಬಿಲ್ಲಿನ ಕೊನೆಯ ಸಾಲಿಗೆ ಪೆನ್ಸಿಲ್‌ನಿಂದ ಸುತ್ತು ಹಾಕಿ, ಆ ಮೊತ್ತಗಳನ್ನೆಲ್ಲ ಹಿಂದಿನ ಹಾಳೆಯಲ್ಲಿ ಕೂಡಿದ್ದರು. ಒಟ್ಟು ಎಂಟು ಸಾವಿರಕ್ಕಿಂತ ಸ್ವಲ್ಪ ಮೇಲೆ ಬಂದಿತ್ತು. “ಇಷ್ಟು ಉಳಿಸಿದ್ದೀನಿ ಸಾರ್, ಆದರೆ ಪಾಸ್‌ಬುಕ್ಕಿನಲ್ಲಿ ಕಾಣ್ತಾ ಇಲ್ಲ, ಎಲ್ಲಿ ಹೋಯ್ತು ನೀವೇ ಹೇಳಿ” ಎಂದರು. ಮೂವತ್ತು ವರ್ಷ ಮಕ್ಕಳ ಅಂಕಪಟ್ಟಿ ಕೂಡಿದ ಕೈ. ಕೂಡಿದ್ದರಲ್ಲಿ ಒಂದು ಪೈಸೆಯ ತಪ್ಪಿರಲಿಲ್ಲ. ತಪ್ಪಿದ್ದದ್ದು ಕೂಡಲು ಆರಿಸಿಕೊಂಡ ಸಂಖ್ಯೆಯಲ್ಲಿ.

ಆ ಕಟ್ಟಿನಿಂದ ಒಂದು ಬಿಲ್ಲನ್ನು ತೆಗೆದು, ನಾವಿಬ್ಬರೂ ಸಾಲು ಸಾಲಾಗಿ ಓದಿದೆವು. ಮೂರು ಸಾವಿರ ರೂಪಾಯಿಯ ಖರೀದಿಗೆ ಮುನ್ನೂರು ರೂಪಾಯಿ ರಿಯಾಯಿತಿ ಎಂಬ ಕೂಪನ್ ಅವರ ಮೊಬೈಲಿಗೆ ಬಂದಿತ್ತು. ಮನೆಯಿಂದ ಬರೆದುಕೊಂಡು ಹೋಗಿದ್ದ ಚೀಟಿಯ ಸಾಮಾನು ₹2,180 ಆಗಿತ್ತು. ಮೂರು ಸಾವಿರ ಮುಟ್ಟಿಸಲು ಅವರು ₹360ರ ಬಟ್ಟೆ ಒಗೆಯುವ ಪುಡಿ ಮತ್ತು ₹480ರ ಬಾದಾಮಿ ಡಬ್ಬಿಯನ್ನು ಬುಟ್ಟಿಗೆ ಸೇರಿಸಿದ್ದರು. ಒಟ್ಟು ₹3,020, ಕೂಪನ್ ಕಳೆದು ಕೊಟ್ಟದ್ದು ₹2,720. ಬಿಲ್ಲಿನ ಕೆಳಗೆ ಉಳಿಸಿದ ಮೊತ್ತ ₹912 ಎಂದು ಅಚ್ಚಾಗಿತ್ತು. ಅದರಲ್ಲಿ ₹300 ಕೂಪನ್ನಿನದು, ಮಿಕ್ಕ ₹612 ಪೊಟ್ಟಣಗಳ ಮೇಲಿನ ಎಂಆರ್‌ಪಿಗೂ ಅಂಗಡಿಯವರು ಹಾಕಿದ ಬೆಲೆಗೂ ಇರುವ ವ್ಯತ್ಯಾಸ.

ನನ್ನ ಕಕ್ಷಿದಾರರಿಗೆ ಎಷ್ಟು ಸಲ ಹೇಳಿದರೂ ಮನಸ್ಸಿಗೆ ಇಳಿಯದ ಮಾತು ಇಲ್ಲಿಯೇ ಇರುವುದರಿಂದ ನಿಧಾನವಾಗಿ ಬಿಡಿಸಿ ಹೇಳುತ್ತೇನೆ. ಒಗೆಯುವ ಪುಡಿ ಮುಂದಿನ ತಿಂಗಳು ಹೇಗೂ ಬೇಕಾಗಿತ್ತು, ಆದ್ದರಿಂದ ಅದನ್ನು ಅಗತ್ಯದ ಲೆಕ್ಕಕ್ಕೇ ಸೇರಿಸೋಣ. ಆಗ ಅಗತ್ಯದ ಸಾಮಾನು ₹2,540. ಕೊಟ್ಟದ್ದು ₹2,720. ಕೂಪನ್ ಇಲ್ಲದೆ ಬೇಕಾದಷ್ಟನ್ನೇ ಕೊಂಡಿದ್ದರೆ ಅವರ ಕೈಯಿಂದ ಹೋಗುತ್ತಿದ್ದುದಕ್ಕಿಂತ ₹180 ಹೆಚ್ಚಾಗಿ ಹೋಗಿದೆ. ಬಾದಾಮಿ ಮನೆಗೆ ಬಂದಿತಲ್ಲ ಎನ್ನಬಹುದು, ನಿಜ. ಆದರೆ ಆ ದಿನ ಬೆಳಿಗ್ಗೆ ಬಾದಾಮಿಗೆ ನೂರಾ ಎಂಬತ್ತು ರೂಪಾಯಿ ತೆಗೆದಿಡಿ ಎಂದು ಯಾರಾದರೂ ಕೇಳಿದ್ದರೆ ಅವರು ಬೇಡ ಎನ್ನುತ್ತಿದ್ದರು. ಅದೇ ಕೂಪನ್ನನ್ನು ಬಾದಾಮಿಯ ಬದಲು ಮುಂದಿನ ತಿಂಗಳ ತೊಗರಿಬೇಳೆ, ಎಣ್ಣೆ, ಉಪ್ಪಿಗೆ ಬಳಸಿದ್ದರೆ ಮುನ್ನೂರು ರೂಪಾಯಿ ಪೂರ್ತಿಯಾಗಿ ಉಳಿದಿರುತ್ತಿತ್ತು. ಕೂಪನ್ ಒಂದೇ, ಅಂಗಡಿ ಒಂದೇ, ದಿನವೂ ಒಂದೇ. ಒಂದು ರೀತಿಯಲ್ಲಿ ಮುನ್ನೂರರ ಲಾಭ, ಇನ್ನೊಂದು ರೀತಿಯಲ್ಲಿ ನೂರಾ ಎಂಬತ್ತರ ನಷ್ಟ, ಮತ್ತು ಈ ಎರಡರಲ್ಲಿ ಯಾವುದಾಯಿತು ಎಂಬುದು ಬಿಲ್ಲು ಅಚ್ಚುಹಾಕುವ ಯಂತ್ರಕ್ಕೆ ಗೊತ್ತಾಗುವುದು ಸಾಧ್ಯವೇ ಇಲ್ಲ, ಏಕೆಂದರೆ ಅದು ನಿಮ್ಮ ಮನೆಯ ಚೀಟಿಯನ್ನು ನೋಡಿಲ್ಲ.

ಇನ್ನು ಆ ₹612ರ ವಿಷಯ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆಗಳೂ ಸೇರಿ, ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂದು ಪೊಟ್ಟಣ ಕಟ್ಟಿದವರು ಮುದ್ರಿಸುವ ಗರಿಷ್ಠ ಬೆಲೆ. ಅದು ಮಾರುಕಟ್ಟೆಯ ಬೆಲೆಯಲ್ಲ. ನಂದಿನಿ ಹಾಲಿನ ಪ್ಯಾಕೆಟ್ಟಿನಂಥ ಕೆಲವು ಪದಾರ್ಥಗಳಲ್ಲಿ ಎರಡೂ ಒಂದೇ ಆಗಿರುತ್ತವೆ. ಅಡುಗೆ ಎಣ್ಣೆ, ಬೇಳೆ, ಅಕ್ಕಿ, ಒಣಹಣ್ಣುಗಳಲ್ಲಿ ಅಂತರ ದೊಡ್ಡದಿರಬಹುದು. ಶಿಕ್ಷಕಿಯವರ ಬಿಲ್ಲಿನಲ್ಲಿ ಒಂದು ಲೀಟರ್ ಸೂರ್ಯಕಾಂತಿ ಎಣ್ಣೆಯ ಎಂಆರ್‌ಪಿ ₹185, ಅಂಗಡಿಯ ಬೆಲೆ ₹152, ಆದ್ದರಿಂದ ಉಳಿತಾಯ ₹33 ಎಂದಿತ್ತು. ಅವರ ಮನೆಯ ತಿರುವಿನಲ್ಲಿರುವ ದಿನಸಿ ಅಂಗಡಿಯಲ್ಲಿ ಅದೇ ಎಣ್ಣೆಯನ್ನು ಎಷ್ಟಕ್ಕೆ ಕೊಡುತ್ತಾರೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ನೂರಾ ಐವತ್ತೈದು ಎಂದರು. ಹಾಗಾದರೆ ಉಳಿದದ್ದು ಮೂರು ರೂಪಾಯಿ. ನೂರಾ ಎಂಬತ್ತೈದು ಕೊಟ್ಟು ಅವರು ಆ ಎಣ್ಣೆಯನ್ನು ಎಂದೂ ಕೊಂಡವರಲ್ಲ. ಎಂದೂ ಕೊಡದ ಹಣವನ್ನು ಉಳಿಸುವುದು ಹೇಗೆ? ರಿಯಾಯಿತಿ ಎಂಬುದು ಅಂಗಡಿಯವರ ಲೆಕ್ಕ, ಉಳಿತಾಯ ಎಂಬುದು ಮನೆಯವರ ಲೆಕ್ಕ, ಇವೆರಡನ್ನೂ ಒಂದೇ ಪದದಿಂದ ಕರೆದದ್ದರಿಂದ ಇಷ್ಟು ಗೊಂದಲವಾಗಿದೆ ಎಂದು ನನಗೆ ಅನ್ನಿಸುತ್ತದೆ.

ಈ ಲೆಕ್ಕದಿಂದ ಇನ್ನೊಂದು ಅನ್ಯಾಯವೂ ಆಗುತ್ತದೆ. ಸಂತೇಪೇಟೆಯಲ್ಲೋ ಮಂಡಿ ಮೊಹಲ್ಲಾದಲ್ಲೋ ಚೀಲದಿಂದ ತೂಗಿ ಕೊಡುವ ಬೇಳೆಗೆ ಎಂಆರ್‌ಪಿಯೇ ಇರುವುದಿಲ್ಲ, ಆದ್ದರಿಂದ ಅಲ್ಲಿನ ಬಿಲ್ಲಿನಲ್ಲಿ ‘ಉಳಿಸಿದ್ದು’ ಎಂಬ ಸಾಲೂ ಇರುವುದಿಲ್ಲ. ಕಿಲೋಗೆ ಹತ್ತು ರೂಪಾಯಿ ಕಡಿಮೆಗೆ ಒಳ್ಳೆಯ ಬೇಳೆ ಸಿಕ್ಕರೂ ಏನೋ ಕಳೆದುಕೊಂಡ ಭಾವನೆಯಿಂದ ಮನೆಗೆ ಬರುವವರನ್ನು ನಾನು ಬಲ್ಲೆ. 2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ, 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟಿನ ಮೇಲೆ ಶೇಕಡಾ 5ರ ಜಿಎಸ್‌ಟಿ ವಿಧಿಸಲಾಯಿತು. ತೂಗಿ ಕೊಡುವುದಕ್ಕೆ ಅದು ತಗಲುವುದಿಲ್ಲ. ನಮ್ಮ ಮನೆಗಳಿಗೆ ಬರುವ ಅಕ್ಕಿ ಚೀಲ 25 ಕಿಲೋದಿಂದ 26 ಕಿಲೋ ಆದದ್ದರ ಕಾರಣವೂ ಇದೇ. ಹಾಗೆಂದು ತೂಗಿ ಕೊಡುವುದೆಲ್ಲ ಅಗ್ಗ, ಶುದ್ಧ ಎಂದು ನಾನು ಭರವಸೆ ಕೊಡಲಾರೆ. ತೂಕ, ಗುಣ ಎರಡನ್ನೂ ನೋಡಿಯೇ ತರಬೇಕು.

ತೆರಿಗೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಮೈಸೋಪು, ಶಾಂಪೂ, ಹಲ್ಲುಜ್ಜುವ ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಗಳ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ತೆರಿಗೆಯಿಲ್ಲದ ನೂರು ರೂಪಾಯಿಯ ಪದಾರ್ಥ ಮೊದಲು 118 ಆಗುತ್ತಿದ್ದದ್ದು ಈಗ 105 ಆಗಬೇಕು, ಅಂದರೆ ಹಳೆಯ ಬೆಲೆಯ ಮೇಲೆ ಶೇಕಡಾ 11ರಷ್ಟು ಇಳಿಕೆ. ಹಳೆಯ ಎಂಆರ್‌ಪಿಯ ಡಬ್ಬಿಯ ಮೇಲೆ ಶೇಕಡಾ 10 ರಿಯಾಯಿತಿ ಎಂದು ಯಾರಾದರೂ ಕೊಟ್ಟರೆ ಅದು ರಿಯಾಯಿತಿಯಲ್ಲ, ಬರಬೇಕಾದದ್ದೇ ಪೂರ್ತಿ ಬಂದಿಲ್ಲ.

ಅಂಗಡಿಯಲ್ಲಿ ನಿಂತಾಗ ಎಂಆರ್‌ಪಿಗಿಂತ ಹೆಚ್ಚು ಉಪಯೋಗಕ್ಕೆ ಬರುವ ಸಂಖ್ಯೆ ಪೊಟ್ಟಣದ ಮೇಲೆಯೇ ಇನ್ನೊಂದಿದೆ. ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಬೆಲೆ ಎಷ್ಟು ಬೀಳುತ್ತದೆ ಎಂಬುದನ್ನು ಯುಎಸ್‌ಪಿ ಎಂಬ ಸಣ್ಣ ಅಕ್ಷರಗಳ ಪಕ್ಕದಲ್ಲಿ ಮುದ್ರಿಸಬೇಕೆಂದು ಕಾನೂನು ಮಾಪನ ನಿಯಮಗಳು ಈಗ ಹೇಳುತ್ತವೆ. ಆದರೆ ಒಂದು ಎಚ್ಚರಿಕೆ: ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಗ್ರಾಂ ಲೆಕ್ಕ, ಹೆಚ್ಚಿನದಕ್ಕೆ ಕಿಲೋ ಲೆಕ್ಕ. 900 ಗ್ರಾಂನ ಒಗೆಯುವ ಪುಡಿಯ ಮೇಲೆ ₹0.14 ಎಂದೂ 2 ಕಿಲೋ ಚೀಲದ ಮೇಲೆ ₹138 ಎಂದೂ ಇದ್ದರೆ, ಮೊದಲನೆಯದನ್ನು ಸಾವಿರದಿಂದ ಗುಣಿಸಿ ನೋಡಬೇಕು. ಗುಣಿಸಿದರೂ 140 ಎಂದು ಖಚಿತವಾಗಿ ಹೇಳುವಂತಿಲ್ಲ. ದಶಮಾಂಶದ ಎರಡೇ ಸ್ಥಾನಕ್ಕೆ ಸಮೀಪಿಸಿ ಬರೆಯುವುದರಿಂದ 0.14 ಎಂಬುದು ಕಿಲೋಗೆ 135 ಇರಬಹುದು, 145ರ ಹತ್ತಿರವೂ ಇರಬಹುದು. ಇಂಥ ಕಡೆ ಮೊಬೈಲಿನಲ್ಲಿ ಬೆಲೆಯನ್ನು ತೂಕದಿಂದ ಭಾಗಿಸಿ ನೋಡುವುದೇ ಸರಿ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂಬ ನಂಬಿಕೆಯೂ ಈ ಭಾಗಾಕಾರದ ಮುಂದೆ ಎಷ್ಟೋ ಸಲ ನಿಲ್ಲುವುದಿಲ್ಲ.

ಪಾಯಿಂಟುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ನೂರು ರೂಪಾಯಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ ಐವತ್ತು ಪೈಸೆ ಎಂದಿದ್ದರೆ ಅದು ಶೇಕಡಾ ಅರ್ಧ. ₹2,720ರ ಬಿಲ್ಲಿಗೆ ಹದಿಮೂರೂವರೆ ರೂಪಾಯಿ. ಹೇಗೂ ಹೋಗುವ ಅಂಗಡಿಯಲ್ಲಿ ಸಿಕ್ಕರೆ ಸಂತೋಷದಿಂದ ಪಡೆಯಿರಿ, ಅವಧಿ ಮುಗಿಯುವ ಮೊದಲು ಬಳಸಿ. ಅದಕ್ಕಾಗಿ ಆಟೋ ಹಿಡಿದು ಹೋಗಬೇಡಿ. ಪಾಯಿಂಟ್ ಬೇಡವಾದವರು ಫೋನ್ ನಂಬರ್ ಕೊಡಬೇಕಾದ ಅಗತ್ಯವಿಲ್ಲ. ಬಿಲ್ಲು ಮಾಡಲು ಗ್ರಾಹಕರ ಮೊಬೈಲ್ ಸಂಖ್ಯೆಗಾಗಿ ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಚಿಲ್ಲರೆ ಮಾರಾಟಗಾರರಿಗೆ ತಿಳಿಸಿದೆ. ಕ್ರೆಡಿಟ್ ಕಾರ್ಡಿನ ಕ್ಯಾಶ್‌ಬ್ಯಾಕ್ ಕೂಡ, ಪ್ರತಿ ತಿಂಗಳೂ ಬಾಕಿಯನ್ನು ಪೂರ್ತಿಯಾಗಿ ಕಟ್ಟುವವರಿಗೆ ಮಾತ್ರ ಲಾಭ. ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇಕಡಾ 3ಕ್ಕೂ ಹೆಚ್ಚು ಬಡ್ಡಿ ಬೀಳುವುದು ಸಾಮಾನ್ಯ, ಹಲವು ತಿಂಗಳು ಕೂಡಿಟ್ಟ ಪಾಯಿಂಟುಗಳು ಒಂದೇ ತಿಂಗಳಲ್ಲಿ ಕೊಚ್ಚಿಹೋಗುತ್ತವೆ.

ನಾನು ಚಿಕ್ಕವನಿದ್ದಾಗ ತಂದೆಯವರು ತಿಂಗಳ ಮೊದಲ ವಾರ ಸಾಮಾನಿನ ಪಟ್ಟಿ ಬರೆದು ಶೆಟ್ಟರ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರು. ಪಟ್ಟಿಯ ಸಾಮಾನೆಲ್ಲ ಕಟ್ಟಿ ಮುಗಿದ ಮೇಲೆ ಶೆಟ್ಟರು ಒಂದು ಹಿಡಿ ಹುರಿಗಡಲೆಯನ್ನೋ ಬೆಲ್ಲದ ಚೂರನ್ನೋ ನನ್ನ ಕೈಗೆ ಹಾಕುತ್ತಿದ್ದರು. ಅದು ಕೊಸರು. ಕೊಸರಿಗೂ ಇಂದಿನ ಕೂಪನ್ನಿಗೂ ಇರುವ ವ್ಯತ್ಯಾಸವನ್ನು ನಾನು ಕಕ್ಷಿದಾರರಿಗೆ ಆಗಾಗ ಹೇಳುತ್ತೇನೆ: ಕೊಸರು ಪಟ್ಟಿ ಮುಗಿದ ಮೇಲೆ ಬರುತ್ತಿತ್ತು, ಪಟ್ಟಿಯನ್ನು ಉದ್ದ ಮಾಡು ಎಂದು ಕೇಳುತ್ತಿರಲಿಲ್ಲ. ಕೂಪನ್ ಬಂದಾಗ ಅದನ್ನು ಕೊಸರಿನಂತೆ ಬಳಸಲು ಬಂದರೆ ಅದು ಒಳ್ಳೆಯ ಸಾಧನ, ನಾನು ಅದರ ವಿರೋಧಿಯಲ್ಲ.

ಹಾಗೆ ಬಳಸುವವರನ್ನು ನಾನು ಕಂಡದ್ದು ಮಂಡ್ಯದ ಹತ್ತಿರದ ಒಂದು ಹಳ್ಳಿಯಲ್ಲಿ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಹೆಣ್ಣುಮಗಳೊಬ್ಬಳು, ಸಂಘದ ಲೆಕ್ಕವನ್ನು ತೋರಿಸುವಾಗ ಪುಸ್ತಕದ ಹಿಂದಿನ ಹಾಳೆಗಳನ್ನು ಕೈಯಿಂದ ಮುಚ್ಚಿಕೊಂಡಳು. ಒತ್ತಾಯ ಮಾಡಿ ನೋಡಿದರೆ, ಮನೆಗೆ ತರುವ ಇಪ್ಪತ್ತು ಪದಾರ್ಥಗಳ ಹೆಸರು, ಪ್ರತಿಯೊಂದರ ಮುಂದೆ ಕಳೆದ ಸಲ ಕೊಟ್ಟ ಬೆಲೆ, ಅದೂ ಕಿಲೋ ಲೆಕ್ಕದಲ್ಲಿ. ಅರ್ಧ ಕಿಲೋ ತಂದಿದ್ದರೆ ದುಪ್ಪಟ್ಟು ಮಾಡಿ ಬರೆದಿದ್ದಳು. “ಆಫರ್ ಅಂದ್ರೆ ಇದನ್ನ ತೆಗ್ದು ನೋಡ್ತೀನಿ ಸಾ, ಕಮ್ಮಿ ಇದ್ರೆ ಎಲ್ಡ್ ತಿಂಗ್ಳಿಗಾಗೋಷ್ಟು ತರ್ತೀನಿ, ಇಲ್ದಿದ್ರೆ ಇಲ್ಲ” ಎಂದಳು. ಯುಗಾದಿಯ ಮರುದಿನದ ಹೊಸತೊಡಕಿನ ಮಾಂಸಕ್ಕೆ ವರ್ಷವಿಡೀ ಚೀಟಿ ಕಟ್ಟುವ ಮನೆ ಅದು. ಹಣವನ್ನು ಮುಂಚೆಯೇ ಹೊಂದಿಸಿಕೊಂಡು, ಬೆಲೆ ಗೊತ್ತಿದ್ದು, ಬೇಕಾದದ್ದನ್ನು ಮಾತ್ರ ಕೊಳ್ಳುವ ಅಭ್ಯಾಸ ಅವರಿಗೆ ಯಾರೂ ಕಲಿಸದೆ ಬಂದಿದೆ. ನಾನು ಇಷ್ಟು ವರ್ಷ ಓದಿ, ಕೆಲಸ ಮಾಡಿ ಹೇಳಬೇಕೆಂದಿದ್ದದ್ದೆಲ್ಲ ಆ ಎರಡು ಹಾಳೆಗಳಲ್ಲಿತ್ತು.

ಎರಡು ತಿಂಗಳಿಗಾಗುವಷ್ಟು ಎಂದು ಅವಳು ಹೇಳಿದ ಮಿತಿಯನ್ನೂ ಗಮನಿಸಬೇಕು. ಬೇಳೆ ಹುಳು ಹಿಡಿಯುತ್ತದೆ, ರವೆ ಕೆಡುತ್ತದೆ, ಎಣ್ಣೆ ಕಮಟು ವಾಸನೆ ಬರುತ್ತದೆ. ಎರಡು ಕೊಂಡರೆ ಒಂದು ಉಚಿತ ಎಂಬುದು ಮೂರನ್ನೂ ಬಳಸಿದರೆ ಮಾತ್ರ ಮೂರರಲ್ಲೊಂದು ಭಾಗದ ಇಳಿಕೆ. ಮೂರನೆಯದು ಅವಧಿ ಮೀರಿ ಕಸಕ್ಕೆ ಹೋದರೆ ಇಳಿಕೆಯೇ ಇಲ್ಲ. ಸೋಪು, ಒಗೆಯುವ ಪುಡಿ, ಉಪ್ಪು ಇಂಥವು ಕೆಡುವುದಿಲ್ಲವಾದ್ದರಿಂದ ಕೂಪನ್ನಿನ ಮೊತ್ತ ತುಂಬಿಸಲು ಅವೇ ಯೋಗ್ಯ. ಆದರೂ ಮನೆಯಲ್ಲಿ ಎಷ್ಟು ಮಂದಿ, ಇಡಲು ಜಾಗ ಎಷ್ಟು, ಆ ತಿಂಗಳು ಕೈಯಲ್ಲಿ ಹಣ ಎಷ್ಟು ಎಂಬುದರ ಮೇಲೆ ಇದು ಬದಲಾಗುತ್ತದೆ. ಎಲ್ಲರಿಗೂ ಒಂದೇ ಸೂತ್ರ ಕೊಡಲು ಬರುವುದಿಲ್ಲ.

ಶಿಕ್ಷಕಿಯವರು ಈ ವರ್ಷವೂ ಬಂದಿದ್ದರು. ಬಿಲ್ಲುಗಳ ಕೊನೆಯ ಸಾಲಿಗೆ ಪೆನ್ಸಿಲ್ ಸುತ್ತು ಇರಲಿಲ್ಲ. ಅದರ ಬದಲು ಎಣ್ಣೆ, ಬೇಳೆ, ಕಾಫಿಪುಡಿಯ ಸಾಲುಗಳ ಪಕ್ಕದಲ್ಲಿ ಹಿಂದಿನ ಸಲದ ಬೆಲೆಯನ್ನು ಚಿಕ್ಕ ಅಕ್ಷರಗಳಲ್ಲಿ ಬರೆದಿದ್ದರು. ಹನ್ನೊಂದು ತಿಂಗಳಿಗೆ ಅವರೇ ಲೆಕ್ಕ ಹಾಕಿದ ಉಳಿತಾಯ ಸಾವಿರದ ಏಳುನೂರು, ಹಿಂದಿನ ಎಂಟು ಸಾವಿರಕ್ಕಿಂತ ಬಹಳ ಕಡಿಮೆ, ಆದರೆ ಅಷ್ಟೂ ಹಣ ಅಂಚೆ ಕಚೇರಿಯ ಖಾತೆಯಲ್ಲಿತ್ತು. ಬಾದಾಮಿ ಡಬ್ಬಿ ಮಾತ್ರ ಎರಡು ಬಿಲ್ಲುಗಳಲ್ಲಿ ಮತ್ತೆ ಕಾಣಿಸಿತು. ಬೇಸಿಗೆ ರಜೆಗೆ ಮಗಳ ಮಕ್ಕಳು ಬಂದಿದ್ದರು, ಅದನ್ನು ಬಿಡಲಾರೆ ಎಂದು ಸ್ಪಷ್ಟವಾಗಿ ಹೇಳಿದರು. ಬಿಡಬೇಕೆಂದು ನಾನೂ ಹೇಳಲಿಲ್ಲ. ಅದನ್ನು ದಿನಸಿಯ ಲೆಕ್ಕದಿಂದ ತೆಗೆದು ‘ಮೊಮ್ಮಕ್ಕಳು’ ಎಂಬ ಹೊಸ ತಲೆಬರಹದ ಕೆಳಗೆ ಬರೆದುಕೊಂಡರು.