ಕಾಲು ಬ್ರೇಕಿನ ಮೇಲಿತ್ತೋ, ಎಕ್ಸಲೇಟರಿನ ಮೇಲಿತ್ತೋ

"ಪ್ಲಾನ್ ಗೀನ್ ಏನೂ ಮಾಡಿರ್ಲಿಲ್ಲ ಸಾರ್. ಅವತ್ತು ಮಾತಿಗೆ ಮಾತು ಬೆಳೀತು, ಗಾಡಿ ಹತ್ತಿಸ್ಬಿಟ್ಟ. ಇದು ಮರ್ಡರ್ ಹೆಂಗಾಗುತ್ತೆ?"

ವಾಹನ ಹರಿಸಿ ಸಾಯಿಸಿದ ಆರೋಪ ಹೊತ್ತವರ ಕಡೆಯವರು ತುಮಕೂರಿನ ನನ್ನ ವಕೀಲಿ ಆಫೀಸಿಗೆ ಬಂದಾಗ ಮೊದಲು ಕೇಳುವುದು ಇದನ್ನೇ. ಸತ್ತವರ ಕಡೆಯವರ ಪ್ರಶ್ನೆ ಇದರ ತಿರುವುಮುರುವು: "ವಾರದಿಂದ ಹೊಂಚು ಹಾಕ್ತಿದ್ದ ಅಂತ ಬರೆಸಿದ್ರೆ ಕೇಸು ಗಟ್ಟಿ ಆಗುತ್ತಾ ಸಾರ್?" ಮುಂಚೆಯೇ ಸಂಚು ಮಾಡಿದ್ದರೆ ಮಾತ್ರ ಕೊಲೆ, ಇಲ್ಲದಿದ್ದರೆ ಅಲ್ಲ ಎಂದು ಇಬ್ಬರೂ ನಂಬಿರುತ್ತಾರೆ. ಈ ನಂಬಿಕೆ ನಮ್ಮ ಕಾನೂನಿನದಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಕೊಲೆಗೆ ಮೊದಲ ದರ್ಜೆ, ಎರಡನೇ ದರ್ಜೆ ಎಂದಿದೆ. ಪೂರ್ವಯೋಜನೆ ಇದ್ದರೆ ಮೊದಲನೆಯದು. ನಮ್ಮಲ್ಲಿ ಅಂಥ ದರ್ಜೆಗಳಿಲ್ಲ. ಹಳೆಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಂ ಕೊಲೆ ಎಂದರೇನು ಎಂದು ಹೇಳುವಾಗ ಪೂರ್ವಯೋಜನೆಯನ್ನು ಕೇಳುವುದೇ ಇಲ್ಲ. ಅದು ಕೇಳುವುದು ಉದ್ದೇಶವನ್ನು, ಇಲ್ಲವೇ ಸಾವು ಬಹುತೇಕ ಖಚಿತ ಎಂಬ ಅರಿವನ್ನು. ಉದ್ದೇಶ ಹುಟ್ಟಲು ವಾರ ಬೇಕಿಲ್ಲ. ಗೇರ್ ಬದಲಿಸುವಷ್ಟು ಹೊತ್ತು ಸಾಕು.

ಒಂದು ಚಿತ್ರ ಕೊಡುತ್ತೇನೆ. ಯಾವುದೋ ಒಂದು ಕೇಸಲ್ಲ, ಹಲವನ್ನು ಸೇರಿಸಿ ಮಾಡಿದ್ದು. ಗುಬ್ಬಿ ಕಡೆಯ ಒಂದು ಹಳ್ಳಿ, ಎರಡು ತೆಂಗಿನ ತೋಟ, ನಡುವೆ ಒಂದು ಬಂಡಿದಾರಿ. ದಾಯಾದಿಗಳಿಬ್ಬರು ಬೆಳಿಗ್ಗೆ ಟೀ ಅಂಗಡಿ ಮುಂದೆ ಕೈಕೈ ಮಿಲಾಯಿಸುತ್ತಾರೆ. ಜನ ಬಿಡಿಸಿ ಕಳಿಸುತ್ತಾರೆ. ಒಬ್ಬ ಸೈಕಲ್ ತಳ್ಳಿಕೊಂಡು ತೋಟದ ಕಡೆ ಹೊರಡುತ್ತಾನೆ. ಇನ್ನೊಬ್ಬ ಮನೆಗೆ ಹೋಗಿ ಪಿಕಪ್ ಗಾಡಿಯ ಕೀ ತಗೊಂಡು ಬರುತ್ತಾನೆ. ಇಪ್ಪತ್ತು ನಿಮಿಷದ ಮೇಲೆ ಸೈಕಲ್ಲಿನವನು ರಸ್ತೆ ಪಕ್ಕದ ಮೋರಿಯಲ್ಲಿ ಹೆಣವಾಗಿ ಬಿದ್ದಿರುತ್ತಾನೆ.

ಠಾಣೆಯಲ್ಲಿ ದೂರು ಬರೆಯುವ ರೈಟರ್‌ಗೆ ರಸ್ತೆಯಲ್ಲಿ ಆದ ಸಾವು ಎಂದರೆ ಕೈಗೆ ತಾನಾಗಿಯೇ ಬರುವ ಒಂದು ಸಾಲಿದೆ: "ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು ಡಿಕ್ಕಿ ಹೊಡೆಸಿದ್ದು". ಗಾಬರಿಯಲ್ಲಿರುವ ಮನೆಯವರು ಓದದೇ ಸಹಿ ಹಾಕುತ್ತಾರೆ. ಎಫ್‌ಐಆರ್ ಅಜಾಗರೂಕ ಚಾಲನೆಯ 281 ಮತ್ತು ಅಜಾಗರೂಕತೆಯಿಂದಾದ ಸಾವಿನ 106(1)ನೇ ಕಲಂಗಳಲ್ಲಿ ದಾಖಲಾಗುತ್ತದೆ. ಜಾಮೀನು ಸಿಗುವಂಥವು, ಮ್ಯಾಜಿಸ್ಟ್ರೇಟ್ ಮುಂದೆ ನಡೆಯುವಂಥವು. ಹಿಂದೆ ಐಪಿಸಿಯ 304ಎ ಇದ್ದಾಗ ಗರಿಷ್ಠ ಎರಡು ವರ್ಷ. 2024ರ ಜುಲೈ 1ರಿಂದ ಸಂಹಿತೆ ಜಾರಿಯಾದ ಮೇಲೆ ಐದು ವರ್ಷ. ಆಮೇಲೆ ತನಿಖೆಯಲ್ಲಿ ಟೀ ಅಂಗಡಿಯ ಜಗಳ ಹೊರಬಿದ್ದು, ಇನ್‌ಸ್ಪೆಕ್ಟರ್ ಕೊಲೆಗೆ ಶಿಕ್ಷೆ ಹೇಳುವ 103ನೇ ಕಲಂ ಸೇರಿಸಲು ಕೋರ್ಟಿಗೆ ವರದಿ ಹಾಕುತ್ತಾರೆ. ಹಾಗೆ ಸೇರಿಸಬಹುದು. ಎಫ್‌ಐಆರ್‌ನಲ್ಲಿ ಬರೆದ ಕಲಂ ಕಲ್ಲಿನ ಮೇಲಿನ ಬರಹವಲ್ಲ. ಸೆಷನ್ಸ್ ನ್ಯಾಯಾಧೀಶರು ಆರೋಪ ನಿಗದಿ ಮಾಡಿದ ಮೇಲೂ ತೀರ್ಪಿನವರೆಗೆ ಅದನ್ನು ಬದಲಿಸಬಹುದು.

ಆದರೆ ಆ ಮೊದಲ ಸಾಲು ಕಡತದಿಂದ ಎಲ್ಲಿಗೂ ಹೋಗುವುದಿಲ್ಲ. ಪಾಟೀ ಸವಾಲಿನಲ್ಲಿ ದೂರುದಾರರನ್ನು ನಿಲ್ಲಿಸಿ, "ನೀವೇ ಅಜಾಗರೂಕತೆ ಅಂತ ಹೇಳಿದ್ದೀರಲ್ಲ?" ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಆರೋಪಿಯ ಪರ ನಿಂತಾಗ ಅದು ನನ್ನ ಕೆಲಸ. ಒಂದೇ ಪೆಟ್ಟು ಬೇಕಂತಲೇ ಕೊಟ್ಟದ್ದೂ ಅಜಾಗರೂಕತೆಯಿಂದ ಆದದ್ದೂ ಎರಡೂ ಆಗಲಾರದು. ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ 2021ರ ಅಕ್ಟೋಬರ್ 3ರಂದು ರೈತರ ಮೇಲೆ ವಾಹನ ಹರಿದ ಪ್ರಕರಣದಲ್ಲಿ ಎಸ್‌ಐಟಿ ಡಿಸೆಂಬರ್‌ನಲ್ಲಿ ಕೋರ್ಟಿಗೆ ಹೋಗಿ, ಅಜಾಗರೂಕತೆಯ ಕಲಂಗಳನ್ನು ತೆಗೆದು ಕೊಲೆ ಯತ್ನ ಮುಂತಾದವನ್ನು ಸೇರಿಸಲು ಕೇಳಿದ್ದು ಈ ಕಾರಣಕ್ಕೇ. ಎರಡು ದೋಣಿಯಲ್ಲಿ ಕಾಲಿಟ್ಟು ಸಾಗಲಾಗದು ಎಂದು ಅವರಿಗೆ ಗೊತ್ತಿತ್ತು.

ಈಗ ನಡುವಿನ ಮೆಟ್ಟಿಲು. ಕೊಲ್ಲುವ ಉದ್ದೇಶವಿಲ್ಲ, ಆದರೆ ತಾನು ಮಾಡುತ್ತಿರುವುದರಿಂದ ಜನ ಸಾಯಬಹುದೆಂಬ ಅರಿವಿದೆ. ಇದು ಕೊಲೆಯಲ್ಲದ ದಂಡನೀಯ ನರಹತ್ಯೆ. ಈಗಿನ 105, ಹಳೆಯ 304. ಮುಂಬೈನ ಕಾರ್ಟರ್ ರಸ್ತೆಯಲ್ಲಿ 2006ರ ನವೆಂಬರ್‌ನಲ್ಲಿ ಕುಡಿದವನ ಕಾರು ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಯವರ ಮೇಲೆ ಹರಿದು ಏಳು ಜನ ಸತ್ತರು. ಸುಪ್ರೀಂ ಕೋರ್ಟ್ 2012ರಲ್ಲಿ 304ರ ಎರಡನೇ ಭಾಗದಡಿ ಮೂರು ವರ್ಷದ ಶಿಕ್ಷೆಯನ್ನು ಎತ್ತಿಹಿಡಿಯಿತು. ಸತ್ತವರ್ಯಾರೆಂದು ಆ ಚಾಲಕನಿಗೆ ಗೊತ್ತೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಏಳು ಜೀವಕ್ಕೆ ಮೂರು ವರ್ಷ ನನಗೆ ಕಡಿಮೆಯೆಂದೇ ಅನ್ನಿಸುತ್ತದೆ, ಆದರೆ ಅದನ್ನು ಅರಿವಿನ ಅಪರಾಧವೆಂದು ಕರೆದದ್ದು ಸರಿ.

ಇದರ ಪಕ್ಕದಲ್ಲಿ ತ್ರಿಶೂರಿನ ಪ್ರಕರಣ ಇಟ್ಟು ನೋಡಿ. 2015ರ ಜನವರಿಯಲ್ಲಿ ವಸತಿ ಸಮುಚ್ಚಯವೊಂದರ ಗೇಟು ತೆಗೆಯುವುದು ತಡವಾಯಿತೆಂದು ಶ್ರೀಮಂತ ಉದ್ಯಮಿಯೊಬ್ಬ ಕಾವಲುಗಾರನನ್ನು ತನ್ನ ಹಮ್ಮರ್ ಗಾಡಿಯಲ್ಲಿ ಅಟ್ಟಿಸಿಕೊಂಡು ಹೋಗಿ ಗುದ್ದಿದ. ಕಾವಲುಗಾರ ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ತೀರಿಕೊಂಡ. ಸಂಚು ಎಲ್ಲಿತ್ತು? ಗೇಟು ತಡವಾಗುತ್ತದೆಂದು ಯಾರಾದರೂ ಹಿಂದಿನ ದಿನವೇ ಲೆಕ್ಕ ಹಾಕಿರುತ್ತಾರೆಯೇ? ಆದರೂ 2016ರಲ್ಲಿ ಕೋರ್ಟ್ ಅದನ್ನು ಕೊಲೆಯೆಂದೇ ತೀರ್ಮಾನಿಸಿ ಜೀವಾವಧಿ ಕೊಟ್ಟಿತು. ನನ್ನ ಆಫೀಸಿನಲ್ಲಿ ಕೂತು "ಪ್ಲಾನ್ ಇರ್ಲಿಲ್ಲ" ಎನ್ನುವವರಿಗೆ ನಾನು ಹೇಳುವ ಮೊದಲ ಕಥೆ ಇದು.

ಹಾಗಾದರೆ ಪೂರ್ವಯೋಜನೆಗೆ ಬೆಲೆಯೇ ಇಲ್ಲವೇ? ಇದೆ, ಬೇರೆ ಕಡೆ. 101ರ ಅಪವಾದಗಳಲ್ಲಿ ಒಂದು ಹೀಗಿದೆ: ಪೂರ್ವಯೋಜನೆಯಿಲ್ಲದೆ, ದಿಢೀರನೆ ಎದ್ದ ಜಗಳದಲ್ಲಿ, ಆವೇಶದ ಭರದಲ್ಲಿ ಸಾವಾದರೆ ಅದು ಕೊಲೆಯಾಗುವುದಿಲ್ಲ. ಆರೋಪಿಯ ವಕೀಲರೆಲ್ಲ ಓಡುವುದು ಈ ಬಾಗಿಲಿಗೇ. ಆದರೆ ಬಾಗಿಲಿಗೆ ಇನ್ನೊಂದು ಚಿಲಕವಿದೆ: ಆರೋಪಿ ಅನುಚಿತ ಲಾಭ ಪಡೆದಿರಬಾರದು, ಕ್ರೂರವಾಗಿ ನಡೆದುಕೊಂಡಿರಬಾರದು. ಬರಿಗೈಯಲ್ಲಿ ನಡೆದು ಹೋಗುವವನ ಮೇಲೆ ಗಾಡಿ ನುಗ್ಗಿಸುವುದಕ್ಕಿಂತ ದೊಡ್ಡ ಅನುಚಿತ ಲಾಭ ಯಾವುದು? ಅದರ ಮೇಲೆ ನಮ್ಮ ಪಿಕಪ್ಪಿನವನು ಮನೆಗೆ ಹೋಗಿ ಕೀ ತಂದಿದ್ದಾನೆ. ಆ ಇಪ್ಪತ್ತು ನಿಮಿಷ ಅವನ ಶತ್ರು. ಜಗಳದ ಬಿಸಿ ಆರಲು ಅಷ್ಟು ಸಮಯವಿತ್ತು ಎಂದು ಪ್ರಾಸಿಕ್ಯೂಟರ್ ಎದ್ದು ನಿಂತು ಹೇಳುತ್ತಾರೆ.

"ಕಾಲು ಮುರೀಬೇಕು ಅಂತಷ್ಟೇ ಇತ್ತು" ಎಂಬ ವಾದವೂ ಇಲ್ಲಿ ಹೆಚ್ಚು ದೂರ ಹೋಗುವುದಿಲ್ಲ. 1958ರ ವಿರ್ಸಾ ಸಿಂಗ್ ತೀರ್ಪಿನಿಂದ ಇವತ್ತಿನವರೆಗೆ ಕೋರ್ಟುಗಳು ನೋಡುವುದು ಆ ಗಾಯವನ್ನು ಬೇಕೆಂದೇ ಮಾಡಿದನೇ, ಆ ಗಾಯ ಸಹಜವಾಗಿ ಸಾವು ತರುವಷ್ಟಿತ್ತೇ ಎಂಬುದನ್ನು. ದೊಣ್ಣೆಯಾದರೆ ಮೊಣಕಾಲಿಗೆ ಗುರಿಯಿಟ್ಟೆ ಎನ್ನಬಹುದು. ಪಿಕಪ್ ಗಾಡಿಗೆ ಆ ನಾಜೂಕು ಎಲ್ಲಿಂದ ಬರಬೇಕು?

ಮನಸ್ಸಿನೊಳಗೆ ಇಣುಕಿ ನೋಡಿದವರಿಲ್ಲ. ಹಾಗಾಗಿ ಉದ್ದೇಶವನ್ನು ರಸ್ತೆಯ ಮೇಲೆ ಓದಬೇಕು. ಧನಬಾದಿನ ನ್ಯಾಯಾಧೀಶ ಉತ್ತಮ್ ಆನಂದ್ 2021ರ ಜುಲೈ 28ರ ಬೆಳಿಗ್ಗೆ ವಾಕಿಂಗ್ ಹೋಗಿದ್ದಾಗ ಆಟೋ ಗುದ್ದಿ ಸತ್ತರು. ಸಿಸಿಟಿವಿ ಇಲ್ಲದಿದ್ದರೆ ಅದು ಇನ್ನೊಂದು ಅಪಘಾತವಾಗಿ ಮುಗಿಯುವ ಸಾಧ್ಯತೆಯಿತ್ತು. ಖಾಲಿ ರಸ್ತೆಯಲ್ಲಿ ಆಟೋ ಬದಿಗೆ ತಿರುಗಿ ಅವರತ್ತಲೇ ಹೋಗುವುದು ದೃಶ್ಯದಲ್ಲಿತ್ತು. ಸರಿಯಾಗಿ ವರ್ಷ ತುಂಬಿದ ದಿನ ಸಿಬಿಐ ಕೋರ್ಟ್ ಇಬ್ಬರನ್ನು ಕೊಲೆಯ ಅಪರಾಧಿಗಳೆಂದಿತು.

ನಮ್ಮ ಹಳ್ಳಿ ರಸ್ತೆಗಳಲ್ಲಿ ಕ್ಯಾಮೆರಾ ಎಲ್ಲಿದೆ! ಪೆಟ್ರೋಲ್ ಬಂಕಿನಲ್ಲೊಂದು, ಹಾಲಿನ ಡೇರಿ ಮುಂದೊಂದು. ಅವುಗಳ ಡಿವಿಆರ್ ಕೆಲವು ದಿನಗಳಲ್ಲೇ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ. ಸಿಕ್ಕ ದೃಶ್ಯಕ್ಕೂ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದಿಲ್ಲದ ಪೆನ್‌ಡ್ರೈವ್ ಬರೀ ಪ್ಲಾಸ್ಟಿಕ್ಕು. ಹೀಗಾಗಿ ಕೊನೆಗೆ ಉಳಿಯುವುದು ಸ್ಥಳ ಮಹಜರು ಮತ್ತು ಕರಡು ನಕ್ಷೆ. ಗಾಡಿ ತನ್ನ ಎಡ ಬಿಟ್ಟು ಮಣ್ಣಿನ ಅಂಚಿಗೆ ಎಷ್ಟು ಮಾರು ಇಳಿದಿದೆ? ಗುದ್ದಿದ ಮೇಲೆ ತಿರುಗಿಸಿಕೊಂಡು ಬಂದ ಚಕ್ರದ ಗುರುತು ಇದೆಯೇ? ಹಿಂದಕ್ಕೆ ತಗೊಂಡು ಇನ್ನೊಮ್ಮೆ ಹತ್ತಿಸಿದ ಗುರುತಿದ್ದರೆ ಅಪಘಾತದ ಮಾತು ಅಲ್ಲಿಗೇ ಮುಗಿಯಿತು. ಬ್ರೇಕಿನ ಗುರುತು ಮಾತ್ರ ಮೋಸ ಮಾಡುತ್ತದೆ. ಗುರುತಿಲ್ಲ, ಆದ್ದರಿಂದ ಬ್ರೇಕೇ ಹಾಕಿಲ್ಲ ಎಂದು ದೋಷಾರೋಪ ಪಟ್ಟಿಯಲ್ಲಿ ಬರೆದಿರುತ್ತಾರೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಗಾಡಿ ಜೋರಾಗಿ ಬ್ರೇಕ್ ಹಾಕಿದರೂ ಕಪ್ಪು ಗೆರೆ ಎಳೆಯದಿರಬಹುದು. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಬ್ರೇಕ್ ಸರಿಯಾಗಿತ್ತು ಎಂಬ ಒಂದು ಸಾಲು ಇದ್ದರೆ "ಬ್ರೇಕ್ ಫೇಲ್" ಎಂಬ ಕಥೆಯಾದರೂ ನಿಲ್ಲುವುದಿಲ್ಲ.

ಪಕ್ಕದ ಸೀಟಿನಲ್ಲಿ ಕೂತವನ ಬಗ್ಗೆಯೂ ಒಂದು ಮಾತು. ಸ್ಟೀರಿಂಗ್ ಹಿಡಿಯದವನೂ "ಹತ್ತಿಸೋ" ಎಂದು ಕೂಗಿದ್ದರೆ 3(5)ನೇ ಕಲಂ ಅವನನ್ನೂ ಎಳೆದುಕೊಳ್ಳಬಹುದು. ಸಮಾನ ಉದ್ದೇಶವೂ ಸ್ಥಳದಲ್ಲೇ ಹುಟ್ಟಬಹುದು. ಆದರೆ ಸುಮ್ಮನೆ ಕೂತಿದ್ದ ಎಂಬುದಷ್ಟೇ ಸಾಕಾಗುವುದಿಲ್ಲ.

ಇನ್ನು ಯಾರೂ ಮೊದಲ ದಿನ ಕೇಳದ, ಹದಿನೈದನೇ ದಿನ ತಪ್ಪದೆ ಕೇಳುವ ಪ್ರಶ್ನೆ. ಸತ್ತವನ ಭಾವಮೈದ ಒಬ್ಬನೇ ಬಂದು ಬಾಗಿಲು ಮುಂದೆ ಮಾಡಿ ಕೇಳುತ್ತಾನೆ: "ಸಾರ್, ಮರ್ಡರ್ ಅಂತ ಆದ್ರೆ ಇನ್ಶೂರೆನ್ಸ್ ಬರಲ್ವಂತೆ. ಅಕ್ಕಂಗೆ ಎರಡು ಮಕ್ಳು." ಈ ಭಯ ಪೂರ್ತಿ ಸುಳ್ಳಲ್ಲ. ಮೋಟಾರು ವಾಹನ ಪರಿಹಾರಕ್ಕೆ 'ಅಪಘಾತ' ಆಗಿರಬೇಕು. 2000ದ ರೀಟಾ ದೇವಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆದಿದೆ: ಆಟೋ ಕದಿಯಲು ಬಂದವರು ಚಾಲಕನನ್ನು ಕೊಂದರೆ, ಅವರ ಮುಖ್ಯ ಗುರಿ ಕಳವು, ಆ ಸಾವು ಪರಿಹಾರದ ಮಟ್ಟಿಗೆ ಅಪಘಾತ. ಇಂಥವನನ್ನೇ ಕೊಲ್ಲಬೇಕೆಂಬುದೇ ಮುಖ್ಯ ಗುರಿಯಾಗಿದ್ದರೆ ಅದು ಬರೀ ಕೊಲೆ. ವಿಮಾ ಕಂಪನಿಯ ವಕೀಲರು ದೋಷಾರೋಪ ಪಟ್ಟಿ ಹಿಡಿದು ಈ ಎರಡನೇ ಸಾಲನ್ನೇ ಓದುತ್ತಾರೆ.

ಹಾಗೆಂದು ಹೇಳಿಕೆ ಬದಲಿಸಿ ಎಂದು ನಾನು ಹೇಳುವುದಿಲ್ಲ, ಹೇಳಬಾರದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಸಂತ್ರಸ್ತರ ಪರಿಹಾರದ ಅರ್ಜಿ ಹಾಕಿಸುತ್ತೇನೆ; ಅದಕ್ಕೆ ಕೊಲೆಯ ಕೇಸು ಅಡ್ಡಿಯಲ್ಲ. ಆದರೂ ಎರಡು ವರ್ಷದ ಮೇಲೆ ಸಾಕ್ಷಿ ಕಟ್ಟೆಯಲ್ಲಿ ನಿಂತು ಆ ಭಾವಮೈದ "ಗಾಡಿ ಜೋರಾಗಿ ಬಂತು, ಯಾಕೆ ಗುದ್ದಿದ್ರೋ ಗೊತ್ತಿಲ್ಲ" ಎಂದಾಗ, ಪ್ರಾಸಿಕ್ಯೂಟರ್ ಅವನನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಲು ಕೇಳಿದಾಗ, ಹಿಂದಿನ ಬೆಂಚಿನಲ್ಲಿ ಮಕ್ಕಳನ್ನು ಕೂರಿಸಿಕೊಂಡ ಅವನ ಅಕ್ಕ ತಲೆ ತಗ್ಗಿಸಿ ಕೂತಿರುತ್ತಾಳೆ.