ಮೊದಲ ಡ್ರಿಪ್‌ಗೂ ಮುಂಚೆ ಹಲ್ಲು ತೋರಿಸಿ

ಮಂಡ್ಯದ ಪಕ್ಕದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಬೆನ್ನು ನೋವು ಶುರುವಾದಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೂವತ್ತು ವರ್ಷ ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತವರು, ನೋವು ಇದ್ದದ್ದೇ ಅಂದುಕೊಂಡೆವು. ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ಐದಾರು ತಿಂಗಳು ಹೋಯಿತು. ಒಂದು ದಿನ ಬಿಂದಿಗೆ ಎತ್ತುವಾಗ ಬೆನ್ನುಮೂಳೆ ಮುರಿಯಿತು. ಬಿದ್ದಿರಲಿಲ್ಲ, ಸುಮ್ನೆ ಬಗ್ಗಿದ್ದರು. ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಮಲ್ಟಿಪಲ್ ಮೈಲೋಮಾ. ರಕ್ತದ ಒಂದು ಕ್ಯಾನ್ಸರ್.

ಇದು ಬೆಳೆಯುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಮೂಳೆ ಅಂದರೆ ಕಲ್ಲಲ್ಲ. ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಅಲ್ಲಿ ದಿನವೂ ದುಡಿಯುತ್ತವೆ. ಮೈಲೋಮಾ ಕರಗಿಸುವವಕ್ಕೆ ಕುಮ್ಮಕ್ಕು ಕೊಡುತ್ತದೆ, ಕಟ್ಟುವವುಗಳ ಕೈ ಕಟ್ಟುತ್ತದೆ. ಹತ್ತರಲ್ಲಿ ಸುಮಾರು ಎಂಟು ರೋಗಿಗಳ ಮೂಳೆ ಹೀಗೆ ಹಾಳಾಗುತ್ತದೆ. ನಾವು ಕೊಡಿಸಿದ ನೋವಿನ ಮಾತ್ರೆಗಳಲ್ಲಿ ಹಲವು ಈ ರೋಗಿಗಳ ಕಿಡ್ನಿಗೆ ಕೆಟ್ಟವು ಅನ್ನುವುದೂ ಆಮೇಲೆ ತಿಳಿಯಿತು.

ಮೂಳೆ ಉಳಿಸಲು ಕೊಡುವುದು ಬಿಸ್‌ಫಾಸ್ಫೊನೇಟ್ ಗುಂಪಿನ ಔಷಧಿ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ವಾ? ಅದು ಕ್ಯಾಲ್ಸಿಯಂ. ಪೈಪುಗಳಲ್ಲಿ ಹಾಗೆ ಕಟ್ಟದಿರಲಿ ಎಂದು ನೀರಿಗೆ ಪೈರೋಫಾಸ್ಫೇಟ್ ಜಾತಿಯ ರಾಸಾಯನಿಕ ಹಾಕುತ್ತಿದ್ದರು. 1960ರ ದಶಕದಲ್ಲಿ ವಿಜ್ಞಾನಿ ಹರ್ಬರ್ಟ್ ಫ್ಲೈಷ್ ಮತ್ತು ಜೊತೆಗಾರರು ಅದರ ಜಾಡು ಹಿಡಿದು, ದೇಹದಲ್ಲಿ ಬೇಗ ಒಡೆಯದ ಅದರ ನೆಂಟನನ್ನು ಹುಡುಕಿದರು. ಅದೇ ಬಿಸ್‌ಫಾಸ್ಫೊನೇಟ್. ಇದು ಮೂಳೆಯ ಕ್ಯಾಲ್ಸಿಯಂಗೆ ಅಂಟಿ ಕೂರುತ್ತದೆ. ಮೂಳೆ ಕರಗಿಸಲು ಬಂದ ಕೋಶ ಇದನ್ನೂ ನುಂಗಿ ಸೋಲುತ್ತದೆ.

ಹೆಚ್ಚು ಬಳಕೆಯಲ್ಲಿರುವುದು ಝೋಲೆಡ್ರಾನಿಕ್ ಆಸಿಡ್. ಸಾಮಾನ್ಯವಾಗಿ 4 ಮಿಲಿಗ್ರಾಂ, ಕನಿಷ್ಠ 15 ನಿಮಿಷದ ಡ್ರಿಪ್, ಮೂರು ನಾಲ್ಕು ವಾರಕ್ಕೊಮ್ಮೆ. ಬ್ರಿಟನ್ನಿನಲ್ಲಿ 1,960 ಮೈಲೋಮಾ ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಅದೇ ಗುಂಪಿನ ಕ್ಲೊಡ್ರೊನೇಟ್ ಮಾತ್ರೆ ತೆಗೆದುಕೊಂಡವರಿಗಿಂತ ಇದನ್ನು ಪಡೆದವರಲ್ಲಿ ಮೂಳೆಯ ತೊಂದರೆ ಕಡಿಮೆ. ಸಾವಿನ ಅಪಾಯವೂ ಶೇ. 16ರಷ್ಟು ಕಡಿಮೆ. ಮೂಳೆಗೆಂದು ಕೊಟ್ಟ ಮದ್ದು ಆಯಸ್ಸನ್ನೂ ಹೆಚ್ಚಿಸಿತು, ಇದು ಸಣ್ಣ ಮಾತಲ್ಲ.

ಆದರೆ ಅದೇ ಅಧ್ಯಯನದಲ್ಲಿ ಈ ಡ್ರಿಪ್ ಪಡೆದ ನೂರರಲ್ಲಿ ಮೂರು ನಾಲ್ಕು ಜನಕ್ಕೆ ದವಡೆ ಮೂಳೆ ಸತ್ತು ಹೊರಗೆ ಕಾಣಿಸಿಕೊಂಡಿತು. ದೊಡ್ಡಮ್ಮನಿಗೂ ಹೀಗೇ ಆಯಿತು. ಚಿಕಿತ್ಸೆ ಶುರುವಾದ ಒಂದೂವರೆ ವರ್ಷಕ್ಕೆ ಹುಳುಕು ಹಲ್ಲು ಕೀಳಿಸಿದರು, ಗಾಯ ಮಾಗಲೇ ಇಲ್ಲ. ಡ್ರಿಪ್ ಹಾಕುವ ಮುಂಚೆ ಹಲ್ಲು ಹೇಗಿದೆ ಎಂದು ನಮ್ಮನ್ನು ಯಾರೂ ಕೇಳಿರಲಿಲ್ಲ. ಹಲ್ಲು ಕಿತ್ತವರಿಗೆ ಡ್ರಿಪ್ ವಿಷಯ ನಾವೂ ಹೇಳಲಿಲ್ಲ. ಏಳು ತಿಂಗಳು ದೊಡ್ಡಮ್ಮ ಮುದ್ದೆಯಲ್ಲೇ ಕಳೆದರು. ಮುದ್ದೆಯಾದರೆ ಅಗಿಯಬೇಕಿಲ್ಲವಲ್ಲ.

ಕೀಳಲೇಬೇಕಾದ ಹುಳುಕು ಹಲ್ಲಿದ್ದರೆ ಮೊದಲೇ ಕೀಳಿಸಿ, ಗಾಯ ಮಾಗಿದ ಮೇಲೆ ಡ್ರಿಪ್ ಶುರು ಮಾಡಿಸಿ. ಪ್ರತಿ ಡ್ರಿಪ್‌ಗೂ ಮುಂಚೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗಲೇಬೇಕು, ಈ ಮದ್ದು ಕಿಡ್ನಿಗೆ ಭಾರ. ಕಿಡ್ನಿ ಸೋತವರಿಗೆ ಡೆನೋಸುಮ್ಯಾಬ್ ಎಂಬ ಚುಚ್ಚುಮದ್ದು ಇದೆ. ದವಡೆಯ ಅಪಾಯ ಅದರಲ್ಲೂ ಇದೆ, ರಕ್ತದ ಕ್ಯಾಲ್ಸಿಯಂ ಜಾಸ್ತಿ ಇಳಿಯಬಹುದು. ಈ ಚುಚ್ಚುಮದ್ದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಬೆನ್ನುಮೂಳೆ ಮುರಿಯುವ ಭಯವೂ ಉಂಟು.

ದೊಡ್ಡಮ್ಮನ ದವಡೆ ಈಗ ಮಾಗಿದೆ. ಡ್ರಿಪ್ ನಿಲ್ಲಿಸಿ ವರ್ಷವಾಯಿತು. ಆದರೂ ಮೂಳೆಯೊಳಗೆ ಕೂತ ಮದ್ದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಬೆನ್ನುಮೂಳೆ ಮತ್ತೆ ಮುರಿದಿಲ್ಲ.