ಮಣೂಕದ ಪೇಟೆಯಲ್ಲಿ ಸುದ್ದಿ ಯಾರ ಹತ್ತಿರ ಇದೆ?

ವಿಜಯಪುರ ಜಿಲ್ಲೆಯಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾರುವವರಿಗೆ ಈಗ ಸುದ್ದಿಗೇನೂ ಬರವಿಲ್ಲ. ಮೊಬೈಲ್ ತೆಗೆದರೆ ಹತ್ತು ವಾಟ್ಸಾಪ್ ಗುಂಪು, ಹತ್ತು ರೇಟು. ಆದರೂ ‘ಇವತ್ತು ಮಾರಲೋ, ತಡೆಯಲೋ’ ಎಂಬುದು ಬಗೆಹರಿಯುವುದಿಲ್ಲ.

ಹಿಂದೆ ಪೇಟೆಯ ಸುದ್ದಿ ಕಾಗದ, ತಂತಿ, ಟ್ರಂಕ್ ಕಾಲ್‌ನಲ್ಲಿ ಓಡಾಡುತ್ತಿತ್ತು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಪೇಟೆ ಧಾರಣೆಯನ್ನು ಮನೆಯೊಳಗೇ ತಂದಿತು. 1966ರ ಎಪಿಎಂಸಿ ಕಾಯ್ದೆ ಹರಾಜನ್ನು ಪ್ರಾಂಗಣಕ್ಕೆ ತಂದಿತು.

ಮಣೂಕದ ದೊಡ್ಡ ಪೇಟೆ ಮಾತ್ರ ಗಡಿಯಾಚೆ, ಮಹಾರಾಷ್ಟ್ರದ ಸಾಂಗಲಿ, ತಾಸಗಾಂವ. ಎಸ್‌ಟಿಡಿ ಬೂತುಗಳ ಕಾಲ ನನಗೆ ಚೆನ್ನಾಗಿ ನೆನಪಿದೆ. ತಿಕೋಟಾ ಕಡೆಯ ಬೆಳೆಗಾರರು ಅಲ್ಲಿನ ಅಡತಿ (ದಲಾಲಿ) ಅಂಗಡಿಗೆ ಫೋನ್ ಹಚ್ಚಿ, ಓಡುವ ಮೀಟರ್ ಮೇಲೆ ಕಣ್ಣಿಟ್ಟು ಒಂದೇ ಮಾತು ಕೇಳುತ್ತಿದ್ದರು: ‘ಹಸಿರು ಮಾಲಿಗೆ ಇವತ್ತು ಎಷ್ಟು?’ ವ್ಯಾಪಾರಸ್ಥರ ವಿಚಾರಣೆ ಉದ್ದ ಇರುತ್ತಿತ್ತು. ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಯಾವಾಗ ಆಯಿತು, ಅಕಾಲ ಮಳೆ ಎಲ್ಲಿ ಬಿತ್ತು, ಹೋದ ವರ್ಷದ ಶಿಲ್ಕು ಎಷ್ಟು ಉಳಿದಿದೆ, ದೀಪಾವಳಿಗೆ ಉತ್ತರದವರು ಎಷ್ಟು ಎತ್ತುತ್ತಾರೆ? ನನಗೆ ಗೊತ್ತಿದ್ದ ದಲಾಲರೊಬ್ಬರು ಗಾದಿಯ ಪಕ್ಕ ಉದ್ದನೆಯ ವಹಿ ಇಟ್ಟಿದ್ದರು. ಅದರಲ್ಲಿ ಧಾರಣೆಯ ಎದುರಿಗೆ ಮೋಡ, ಮಳೆ, ಬಂದ ಲಾರಿಗಳ ಲೆಕ್ಕ. ಮಾದರಿ ಬಂದರೆ ಹಿಡಿ ಮಣೂಕ ಅಂಗೈಗೆ ಸುರಿದು ಹೆಬ್ಬೆರಳಿಂದ ಒತ್ತುವರು. ಬೆರಳಿಗೆ ಅಂಟಿದರೆ ಮಾಲು ಸರಿಯಾಗಿ ಒಣಗಿಲ್ಲ ಎಂದು ಅದನ್ನೂ ಬರೆಯುವರು. ಹತ್ತು ವರ್ಷದ ವಹಿ ಮುಂದಿದ್ದವರಿಗೆ ಈ ವರ್ಷದ ಅಂದಾಜು ಸಿಗದೆ ಇರುತ್ತಾ?

2014ರಲ್ಲಿ ಆನ್‌ಲೈನ್ ಹರಾಜಿಗೆ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಬಂತು, 2016ರಲ್ಲಿ ಅದೇ ಬಗೆಯ ಕೇಂದ್ರದ ಇ-ನಾಮ್. ಆವಕ (ಬಂದ ಮಾಲು), ಕನಿಷ್ಠ, ಗರಿಷ್ಠ ಬೆಲೆ, ಹೆಚ್ಚಿನ ಮಾಲು ಹೋದ ಬೆಲೆ ಎಲ್ಲರ ಕಣ್ಣಿಗೂ ಬೀಳತೊಡಗಿದವು. ಇದು ಸಣ್ಣ ಸಂಗತಿಯಲ್ಲ. ಒಂದೇ ಫೋನನ್ನು ನಂಬಿ ಲಾರಿ ತುಂಬುವ ಕಾಲ ಹೋಯಿತು.

ಆದರೆ ಇದೆಲ್ಲ ಆಗಿಹೋದ ಹರಾಜಿನ ಲೆಕ್ಕ.  ಮಣೂಕ ಕೋಲ್ಡ್ ಸ್ಟೋರೇಜ್ ಸೇರಿದ ಮೇಲೆ ಬಾಡಿಗೆ ಏರುತ್ತದೆ, ಸಾಲದ ಬಡ್ಡಿಯೂ ಏರುತ್ತದೆ. ಮುಂದಿನ ತಿಂಗಳ ಬೆಲೆ ನಿಂತಿರುವುದು ಎಲ್ಲ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಉಳಿದ ಒಟ್ಟು ಶಿಲ್ಕಿನ ಮೇಲೆ. ಹತ್ತು ಕಡೆ ಕೊಳ್ಳುವವರಿಗೆ ಅದರ ಅಂದಾಜು ಇರುತ್ತದೆ. ಎರಡು ಎಕರೆ ಬೆಳೆಗಾರರಿಗೆ ತಮ್ಮ ಪೆಟ್ಟಿಗೆ ಎಷ್ಟು ಎನ್ನುವುದಷ್ಟೇ ಗೊತ್ತು. ಆ ಶಿಲ್ಕನ್ನು ವಾರಕ್ಕೊಮ್ಮೆಯಾದರೂ ಪ್ರಾಂಗಣದ ಹಲಗೆ ಮೇಲೆ ಬರೆಯಬಹುದಲ್ವಾ? ಒಳಗೆ ಹೋಗುವ ಪ್ರತಿ ಪೆಟ್ಟಿಗೆಗೂ ಪಾವತಿ ಹರಿಯುತ್ತಾರೆ. ಕೂಡಿಸುವ ಕೆಲಸವೊಂದೇ ಬಾಕಿ.